ಎಣ್ಣೆಯೊಳಗಿನ ಸಿಹಿ

ಮಾಗಿಯ ಚಳಿ ಬಿದ್ದು ತುಟಿ ಒಡೆಯತೊಡಗಿದರೆ ನಮ್ಮ ಮನೆಯಲ್ಲಿ ಮೊದಲ ಮದ್ದು ಬೆಣ್ಣೆ. ಬೆಣ್ಣೆ ಇಲ್ಲದ ದಿನ ಕೊಬ್ಬರಿ ಎಣ್ಣೆ. ಎರಡಕ್ಕೂ ಬಗ್ಗದ ಬಿರುಕಿಗೆ ಮಾತ್ರ ಗೋಡೆಗೂಡಿನಲ್ಲಿದ್ದ ಸಣ್ಣ ಸೀಸೆಯೊಂದು ಕೆಳಗಿಳಿಯುತ್ತಿತ್ತು. ಅದರಲ್ಲಿದ್ದ ದ್ರವ ನೋಡಲು ನೀರಿನಷ್ಟೇ ತಿಳಿ. ಆದರೆ ಓರೆಮಾಡಿದರೆ ಜೇನಿನಂತೆ ಮೆಲ್ಲಗೆ ಇಳಿಯುವುದು. ಅಮ್ಮ ಅದಕ್ಕೆ ನಾಲ್ಕು ಹನಿ ಪನ್ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ, ತುಟಿಗೆ ಒತ್ತುತ್ತಿದ್ದಳು. ಆಕೆ ಬೆನ್ನು ತಿರುಗಿಸುವಷ್ಟರಲ್ಲಿ ನಾವು ನೆಕ್ಕಿ ಮುಗಿಸಿರುತ್ತಿದ್ದೆವು. ಏಕೆಂದರೆ ಅದು ಸಿಹಿ. "ಔಷಧ ಕಣೋ ಅದು, ಪಾಯಸವಲ್ಲ" ಎಂದು ಗದರಿಸಿ ಮತ್ತೊಮ್ಮೆ ಹಚ್ಚುವಳು. ಮತ್ತೊಮ್ಮೆ ನಾಲಗೆ ಅಲ್ಲಿಗೇ ಹೋಗುವುದು.

ಆ ಸೀಸೆಯಲ್ಲಿದ್ದುದು ಗ್ಲಿಸರಿನ್. ಇಂದಿನ ಓದುಗರಿಗೆ ಈ ಹೆಸರು ಕೇಳಿದೊಡನೆ ಸಿನಿಮಾ ನಟಿಯ ಕಣ್ಣೀರು ನೆನಪಾದರೆ ಆಶ್ಚರ್ಯವಿಲ್ಲ. ಯಾರ ದುಃಖದ ಮೇಲಾದರೂ ಸಂಶಯ ಬಂದರೆ 'ಗ್ಲಿಸರಿನ್ ಕಣ್ಣೀರು' ಎನ್ನುವ ಮಾತು ನಮ್ಮಲ್ಲಿ ಬಳಕೆಗೆ ಬಂದುಬಿಟ್ಟಿದೆ. ಮುಖಕ್ಕೆ ಹಚ್ಚುವ ಯಾವುದಾದರೂ ಕ್ರೀಮಿನ ಡಬ್ಬಿಯನ್ನು ತಿರುಗಿಸಿ ನೋಡಿದರೆ, ಸಾಮಗ್ರಿಗಳ ಪಟ್ಟಿಯಲ್ಲಿ ನೀರಿನ ನಂತರ ಎರಡನೆಯದೋ ಮೂರನೆಯದೋ ಆಗಿ ಇದರ ಹೆಸರು ಕಾಣುವುದುಂಟು. ಚರ್ಮದ ತೇವವನ್ನು ಕಾಯುವ ಪದಾರ್ಥಗಳಲ್ಲಿ ಇದರಷ್ಟು ಹಳೆಯದೂ ಅಗ್ಗವಾದುದೂ ಅಪರೂಪ.

ಇಷ್ಟು ಸಾಧು ಪದಾರ್ಥಕ್ಕೆ ಎಂಥ ಚರಿತ್ರೆ ಇದ್ದೀತು ಎಂದು ಕೇಳಬಹುದು. ಇದೆ, ಅದರಲ್ಲಿ ಮೇಣದಬತ್ತಿ ಇದೆ, ತೋಪು ಇದೆ, ಗಾಳಿಸುದ್ದಿ ಇದೆ, ಮಕ್ಕಳ ಸಾವೂ ಇದೆ. ಅದನ್ನು ಓದುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಈ ದ್ರವವನ್ನು ಇದಕ್ಕಾಗಿಯೇ ತಯಾರಿಸಿದವರು ಬಹಳ ಕಡಿಮೆ. ಮತ್ತಾವುದನ್ನೋ ಮಾಡಲು ಹೊರಟವರ ಕೈಯಲ್ಲಿ ಇದು ಉಳಿಯಿತು. ಉಳಿಕೆಗೆ ಬೆಲೆ ಕಟ್ಟುವವನು ಯಾರು, ಅದರ ಮೇಲೆ ಕಣ್ಣಿಡುವವನು ಯಾರು ಎಂಬುದರ ಮೇಲೆ ಇದರ ಗುಣದೋಷವೆಲ್ಲ ನಿಂತಿತು.

ಮುಲಾಮಿನ ಕೆಳಗಿನ ನೀರು

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಸ್ವೀಡನ್ ದೇಶದ ಕೋಪಿಂಗ್ ಎಂಬ ಪುಟ್ಟ ಊರಿನಲ್ಲಿ ಕಾರ್ಲ್ ವಿಲ್ಹೆಲ್ಮ್ ಷೀಲೆ ಎಂಬಾತ ಔಷಧದಂಗಡಿ ನಡೆಸುತ್ತಿದ್ದ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿ ಪದವಿ ಪಡೆದವನಲ್ಲ. ಹದಿನಾಲ್ಕನೆಯ ವಯಸ್ಸಿಗೇ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದವನು. ಆಮ್ಲಜನಕವನ್ನು ಪ್ರೀಸ್ಟ್ಲಿಗಿಂತ ಮುಂಚೆಯೇ ತಯಾರಿಸಿದ್ದರೂ, ಬರೆದ ಪುಸ್ತಕ ಅಚ್ಚಾಗುವುದು ತಡವಾಗಿ ಕೀರ್ತಿ ಇನ್ನೊಬ್ಬನ ಪಾಲಾಯಿತು. ಕ್ಲೋರಿನ್ ಅನಿಲವೂ ನಿಂಬೆಯ ಹುಳಿಯೂ ಹುಳಿತ ಹಾಲಿನ ಆಮ್ಲವೂ ಮೊದಲು ಬೇರ್ಪಟ್ಟು ಕಂಡದ್ದು ಈತನ ಕೈಯಲ್ಲಿ. ತಾನು ತಯಾರಿಸಿದ್ದನ್ನು ಮೂಸಿ, ನಾಲಗೆಯ ಮೇಲಿಟ್ಟು ನೋಡುವುದು ಆ ಕಾಲದ ರಸಾಯನಜ್ಞರ ರೂಢಿ. ಷೀಲೆಗೆ ಆ ಚಪಲ ತುಸು ಹೆಚ್ಚೇ ಇತ್ತು. ನಲವತ್ಮೂರನೆಯ ವಯಸ್ಸಿಗೇ ಆತ ತೀರಿಕೊಂಡದ್ದಕ್ಕೆ ಈ ಅಭ್ಯಾಸವೂ ಕಾರಣವಿದ್ದೀತೆಂದು ಊಹಿಸುವವರುಂಟು.

ಆಗ ಗಾಯಗಳಿಗೆ ಅಂಟಿಸುವ ಒಂದು ಬಗೆಯ ಸೀಸದ ಮುಲಾಮು ಬಳಕೆಯಲ್ಲಿತ್ತು. ಆಲಿವ್ ಎಣ್ಣೆಗೆ ಸೀಸದ ಆಕ್ಸೈಡಿನ ಹಳದಿ ಪುಡಿ ಹಾಕಿ, ನೀರು ಬೆರೆಸಿ ಕುದಿಸಿದರೆ ಅಂಟಾದ ಮುದ್ದೆ ಸಿಕ್ಕುತ್ತಿತ್ತು. ಮುದ್ದೆ ಎತ್ತಿಕೊಂಡು ನೀರು ಚೆಲ್ಲುವುದು ಎಲ್ಲ ಔಷಧಗಾರರೂ ಮಾಡುತ್ತಿದ್ದ ಕೆಲಸ. ಷೀಲೆ ಆ ನೀರನ್ನು ಚೆಲ್ಲಲಿಲ್ಲ; ಬತ್ತಿಸಿ ನೋಡಿದ. ಪಾಕದಂಥ ದ್ರವ ಉಳಿಯಿತು. ನಾಲಗೆಗೆ ತಾಗಿಸಿದ, ಸಿಹಿ! ಎಣ್ಣೆಯಲ್ಲಿ ಸಕ್ಕರೆ ಎಲ್ಲಿಂದ ಬಂತು? ಬೇರೆ ಎಣ್ಣೆಗಳಲ್ಲಿ ನೋಡಿದ, ಪ್ರಾಣಿಗಳ ಕೊಬ್ಬಿನಲ್ಲಿ ನೋಡಿದ. ಎಲ್ಲದರಲ್ಲೂ ಅದೇ ಸಿಹಿ. ಆದರೆ ಸಕ್ಕರೆಯಂತೆ ಅದು ಹರಳುಗಟ್ಟಲೊಲ್ಲದು. ೧೭೭೯ರ ಸುಮಾರಿಗೆ ಕಂಡ ಈ ಸಂಗತಿಯನ್ನು ೧೭೮೩ರಲ್ಲಿ ಪ್ರಕಟಿಸಿ, ಅದನ್ನು ಎಣ್ಣೆಯೊಳಗಿನ ಸಿಹಿ ಎಂದು ಕರೆದ. ನಾಲಗೆ ಮಾಡಿದ ಶೋಧ ಇದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದಕ್ಕೆ ಮರಳಬೇಕಾಗಿದೆ.

ನೂರೆರಡು ವರ್ಷ ಬಾಳಿದ ರಸಾಯನಜ್ಞ

೧೭೮೬ರ ಮೇ ತಿಂಗಳಲ್ಲಿ ಷೀಲೆ ಕಣ್ಮುಚ್ಚಿದ. ಅದೇ ವರ್ಷದ ಆಗಸ್ಟಿನಲ್ಲಿ ಫ್ರಾನ್ಸಿನ ಆಂಜೆ ಎಂಬ ಪಟ್ಟಣದಲ್ಲಿ ಮಿಷೆಲ್ ಯೂಜೀನ್ ಷೆವ್ರಲ್ ಹುಟ್ಟಿದ. ಒಬ್ಬ ಬಿಟ್ಟ ದಾರವನ್ನು ಇನ್ನೊಬ್ಬ ಹಿಡಿದಂತಾಯಿತು. ಷೀಲೆಗೆ ಕಡಿಮೆಯಾದ ಆಯುಸ್ಸೆಲ್ಲ ಷೆವ್ರಲ್‌ಗೆ ಸೇರಿತೋ ಏನೋ! ಆತ ನೂರೆರಡು ವರ್ಷ ಬಾಳಿ, ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ಎದ್ದು ನಿಂತ ೧೮೮೯ರಲ್ಲಿ ತೀರಿಕೊಂಡ. ಆ ಗೋಪುರದ ಮೇಲೆ ಕೆತ್ತಿರುವ ಎಪ್ಪತ್ತೆರಡು ಹೆಸರುಗಳಲ್ಲಿ ಈತನದೂ ಒಂದು.

ಷೆವ್ರಲ್ ಕೈಗೆತ್ತಿಕೊಂಡದ್ದು ಸಾಬೂನಿನ ಒಗಟು. ಕೊಬ್ಬನ್ನು ಕ್ಷಾರದೊಡನೆ ಕುದಿಸಿದರೆ ಸಾಬೂನಾಗುತ್ತದೆಂದು ಜನ ಸಾವಿರಾರು ವರ್ಷದಿಂದ ಬಲ್ಲರು. ಏಕೆ ಆಗುತ್ತದೆಂದು ಬಲ್ಲವರಿರಲಿಲ್ಲ. ಆತ ತೋರಿಸಿಕೊಟ್ಟದ್ದನ್ನೂ, ಆತನ ನಂತರ ಬೆರ್ಥೆಲೊ ಮೊದಲಾದವರು ಪೂರ್ತಿಗೊಳಿಸಿದ್ದನ್ನೂ ಸೇರಿಸಿ ಹೀಗೆ ಹೇಳಬಹುದು. ದನದ ಕೊಟ್ಟಿಗೆಯಲ್ಲಿ ಮೂರು ಗೂಟಗಳಿರುವ ಗೊಂತು ಇದೆಯೆಂದು ಭಾವಿಸಿ. ಒಂದೊಂದು ಗೂಟಕ್ಕೆ ಒಂದೊಂದು ದನ ಕಟ್ಟಿದೆ. ಈ ಮೂರು ದನಗಳೂ ಕೊಬ್ಬಿನ ಆಮ್ಲಗಳು, ಗೊಂತೇ ಗ್ಲಿಸರಿನ್. ಎಣ್ಣೆ, ತುಪ್ಪ, ಹಂದಿಯ ಕೊಬ್ಬು ಎಲ್ಲವೂ ಹೀಗೆ ಕಟ್ಟಿದ ಕೊಟ್ಟಿಗೆಗಳೇ. ದನದ ಜಾತಿ ಬೇರೆ ಬೇರೆ ಅಷ್ಟೆ. ಕ್ಷಾರ ಬಂದು ದನಗಳನ್ನು ಬಿಚ್ಚಿಕೊಂಡು ಹೋಗುತ್ತದೆ. ಕ್ಷಾರದೊಡನೆ ಹೋದ ಆಮ್ಲ ಸಾಬೂನಾಗುತ್ತದೆ. ಗೊಂತು ಖಾಲಿಯಾಗಿ ನೀರಿನಲ್ಲಿ ಉಳಿಯುತ್ತದೆ. ತೂಕದ ಲೆಕ್ಕದಲ್ಲಿ ಕೊಬ್ಬಿನ ಹತ್ತರಲ್ಲಿ ಒಂದು ಪಾಲು ಈ ಗೊಂತು. ಗ್ರೀಕ್ ಭಾಷೆಯಲ್ಲಿ ಸಿಹಿ ಎಂಬರ್ಥದ ಪದವನ್ನು ತೆಗೆದುಕೊಂಡು ಅದಕ್ಕೆ ಗ್ಲಿಸರಿನ್ ಎಂದು ಹೆಸರಿಟ್ಟವನೂ ಷೆವ್ರಲ್ಲನೇ. ಕೊಬ್ಬಿನ ಪದಾರ್ಥಗಳನ್ನು ಕುರಿತ ಆತನ ಗ್ರಂಥ ೧೮೨೩ರಲ್ಲಿ ಹೊರಬಂದಿತು.

ಈ ವಿದ್ಯೆಯ ಮೊದಲ ಫಲ ಬಂದದ್ದು ಮೇಣದಬತ್ತಿಗೆ. ಬರಿಯ ಕೊಬ್ಬಿನ ಬತ್ತಿ ಹೊಗೆಯಾಡಿ ಕಮಟು ಕಾರುತ್ತಿತ್ತು. ಆ ಕಮಟಿಗೆ ಉರಿಯುವ ಗ್ಲಿಸರಿನ್ ಒಂದು ಕಾರಣ. ಅದನ್ನು ತೆಗೆದು ಗಟ್ಟಿ ಆಮ್ಲದಿಂದಲೇ ಮಾಡಿದ ಬತ್ತಿ ಬೆಳ್ಳಗೆ, ಶುಭ್ರವಾಗಿ ಉರಿಯಿತು. ೧೮೨೫ರಲ್ಲಿ ಷೆವ್ರಲ್ ಮತ್ತು ಗೇ-ಲುಸಾಕ್ ಇದಕ್ಕೆ ಪೇಟೆಂಟ್ ಪಡೆದರು. ಯೂರೋಪಿನ ಮನೆಗಳು ಬೆಳಗಿದುವು. ತೆಗೆದ ಗ್ಲಿಸರಿನ್ ಏನಾಯಿತು? ಚರಂಡಿಗೆ ಹೋಯಿತು. ಸಾಬೂನಿನವರೂ ಅಷ್ಟೆ, ಉಪ್ಪು ಹಾಕಿ ಸಾಬೂನನ್ನು ಮೇಲೆ ತೇಲಿಸಿ, ಕೆಳಗಿನ ನೀರನ್ನು ಹೊರಗೆ ಬಿಡುತ್ತಿದ್ದರು.

೧೮೫೦ರ ದಶಕದಲ್ಲಿ ಲಂಡನ್ನಿನ ಪ್ರೈಸ್ ಮೇಣದಬತ್ತಿ ಕಂಪೆನಿಯ ಜಾರ್ಜ್ ವಿಲ್ಸನ್ ಎಂಬಾತ ಬಲವಾಗಿ ಕಾಯಿಸಿದ ಹಬೆಯನ್ನು ಹಾಯಿಸಿ ಗ್ಲಿಸರಿನ್ನನ್ನು ಭಟ್ಟಿಯಿಳಿಸುವ ವಿಧಾನ ರೂಢಿಸಿದ. ಸೀಸದ ಸೋಂಕಿಲ್ಲದ, ಬಣ್ಣವಿಲ್ಲದ, ವಾಸನೆಯಿಲ್ಲದ ಗ್ಲಿಸರಿನ್ ಮೊದಲ ಸಲ ಪೀಪಾಯಿಗಟ್ಟಲೆ ಸಿಕ್ಕಿತು. ವೈದ್ಯರು ಅದನ್ನು ಸುಟ್ಟ ಗಾಯಕ್ಕೆ, ಒಡೆದ ಚರ್ಮಕ್ಕೆ ಹಚ್ಚಿದರು. ನಮ್ಮ ಗೋಡೆಗೂಡಿನ ಸೀಸೆಯ ವಂಶ ಅಲ್ಲಿಂದ ಹೊರಟದ್ದು.

ನೀರಿನ ಸೆಳೆತ

ಗ್ಲಿಸರಿನ್ ಚರ್ಮಕ್ಕೆ ಹಿತವೇಕೆ? ಮತ್ತೆ ಗೊಂತಿಗೆ ಬರೋಣ. ಬರಿದಾದ ಮೂರು ಗೂಟಗಳು ಬರಿದಾಗಿರಲಾರವು. ಹತ್ತಿರ ಸುಳಿದ ನೀರಿನ ಕಣವನ್ನು ಹಿಡಿದುಕೊಳ್ಳುತ್ತವೆ. ಶುದ್ಧ ಗ್ಲಿಸರಿನ್ನನ್ನು ಬಾಯಿ ತೆರೆದ ಪಾತ್ರೆಯಲ್ಲಿ ಇಟ್ಟರೆ ಗಾಳಿಯ ತೇವವನ್ನು ಹೀರಿ ತೂಕವೇರುತ್ತದೆ. ಎಣ್ಣೆ, ಬೆಣ್ಣೆಗಳು ಚರ್ಮಕ್ಕೆ ಮುಚ್ಚಳ ಹಾಕಿ ಒಳಗಿನ ನೀರು ಆರದಂತೆ ತಡೆದರೆ, ಇದು ನೀರನ್ನೇ ಹಿಡಿದು ಕೂರಿಸುತ್ತದೆ. ಆದರೆ ಈ ಸೆಳೆತಕ್ಕೆ ಪಕ್ಷಪಾತವಿಲ್ಲ. ಒಣ ಹವೆಯಲ್ಲಿ ನೀರು ಬೆರೆಸದ ಗ್ಲಿಸರಿನ್ ಹಚ್ಚಿದರೆ, ಹೊರಗೆ ಸಿಕ್ಕದ ನೀರನ್ನು ಅದು ಚರ್ಮದ ಒಳಗಿನಿಂದಲೇ ಎಳೆಯುತ್ತದೆ, ತುಟಿ ಚುರುಗುಟ್ಟುತ್ತದೆ. ಅಮ್ಮ ಬೆರೆಸುತ್ತಿದ್ದ ಪನ್ನೀರು ಪರಿಮಳಕ್ಕೆಂದು ನಾವು ತಿಳಿದಿದ್ದೆವು. ಕೆಲಸ ಮಾಡುತ್ತಿದ್ದುದು ಅದರಲ್ಲಿದ್ದ ನೀರು.

ಇದೇ ಗುಣದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ನೂರು ಕಡೆ ಕೆಲಸ ಸಿಕ್ಕಿತು. ಚಳಿದೇಶಗಳ ಗ್ಯಾಸ್ ಮೀಟರುಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕಾದಿತು. ಅಚ್ಚುಕೂಟಗಳಲ್ಲಿ ಮಸಿ ಹಚ್ಚುವ ರೋಲರುಗಳನ್ನು ಅಂಟು ಮತ್ತು ಗ್ಲಿಸರಿನ್ ಕೂಡಿಸಿ ಎರಕ ಹೊಯ್ಯುತ್ತಿದ್ದರು. ಅವು ಒಣಗಿ ಬಿರಿಯದೆ ಮೆತ್ತಗಿದ್ದುದರಿಂದಲೇ ಅಕ್ಷರ ನಿಚ್ಚಳವಾಗಿ ಮೂಡುತ್ತಿತ್ತು. ಸಿಡುಬಿನ ಲಸಿಕೆಯನ್ನು ಗ್ಲಿಸರಿನ್ನಿನಲ್ಲಿ ಇಟ್ಟರೆ ಅದರಲ್ಲಿ ಸೇರಿಕೊಂಡ ಬೇರೆ ರೋಗಾಣುಗಳು ನಾಶವಾಗಿ ಲಸಿಕೆಯ ಕಸುವು ಉಳಿಯುತ್ತದೆಂದು ೧೮೯೦ರ ದಶಕದಲ್ಲಿ ಲಂಡನ್ನಿನ ಮಾಂಕ್ಟನ್ ಕೋಪ್‌ಮನ್ ತೋರಿಸಿಕೊಟ್ಟ. 'ದೇವಿ ಹಾಕಿಸಿ'ಕೊಂಡ ನಮ್ಮ ಹಿರಿಯರ ತೋಳಿನ ಗುರುತಿನಲ್ಲಿ ಈ ದ್ರವದ ಪಾಲೂ ಇದ್ದೀತು.

ಸಿಡಿಯುವ ಎಣ್ಣೆ

ಗೂಟಕ್ಕೆ ನೀರನ್ನೇ ಕಟ್ಟಬೇಕೆಂಬ ನಿಯಮವೇನೂ ಇಲ್ಲ. ೧೮೪೭ರಲ್ಲಿ ಇಟಲಿಯ ಟ್ಯೂರಿನ್ ನಗರದ ಅಸ್ಕಾನಿಯೊ ಸೊಬ್ರೆರೊ ಗ್ಲಿಸರಿನ್ನನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣಕ್ಕೆ ಹನಿಹನಿಯಾಗಿ ಬಿಟ್ಟ. ಕೊಟ್ಟಿಗೆಯ ಗೂಟಗಳಿಗೆ ಹುಲಿಗಳನ್ನು ಕಟ್ಟಿದಂತಾಯಿತು. ಹುಟ್ಟಿದ ಎಣ್ಣೆಯೇ ನೈಟ್ರೋಗ್ಲಿಸರಿನ್. ಸೊಬ್ರೆರೊ ಕೂಡ ನಾಲಗೆಗೆ ತುಸು ತಾಗಿಸಿ ನೋಡಿದ. ತಲೆ ಸಿಡಿಯುವಂಥ ನೋವು ಬಂತು. ಒಂದು ಹನಿಯನ್ನು ಕಾಯಿಸಿದಾಗ ಗಾಜಿನ ನಾಳ ಚೂರುಚೂರಾಯಿತು. ಆತ ಅಂಜಿ ಹಿಂಜರಿದ.

ಅಂಜದೆ ಮುಂದುವರಿದವನು ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್. ಬಂಡೆ ಒಡೆಯಲು, ಸುರಂಗ ಕೊರೆಯಲು ಈ ಎಣ್ಣೆಯನ್ನು ಮಾರುವ ಉದ್ಯಮಕ್ಕೆ ಆತ ಕೈಹಾಕಿದ. ಬೆಲೆಯನ್ನು ರಕ್ತದಲ್ಲಿ ತೆರಬೇಕಾಯಿತು. ೧೮೬೪ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮ್ ಬಳಿಯ ಆತನ ಕಾರ್ಯಾಗಾರ ಸಿಡಿದು ತಮ್ಮ ಎಮಿಲ್ ಸೇರಿ ಹಲವರು ಸತ್ತರು. ೧೮೬೬ರಲ್ಲಿ ಪನಾಮಾದ ಬಂದರಿನಲ್ಲಿ ಈ ಎಣ್ಣೆ ಹೊತ್ತ ಹಡಗೊಂದು ಸಿಡಿಯಿತು. ಕೊನೆಗೆ ಒಂದು ಬಗೆಯ ಹಗುರವಾದ ರಂಧ್ರಮಯ ಮಣ್ಣಿಗೆ ಅದನ್ನು ಹೀರಿಸಿ ಪಳಗಿಸುವ ಉಪಾಯ ಸಿಕ್ಕಿತು. ೧೮೬೭ರಲ್ಲಿ ಪೇಟೆಂಟ್ ಪಡೆದ ಆ ಪದಾರ್ಥಕ್ಕೆ ಡೈನಮೈಟ್ ಎಂದು ಹೆಸರು. ನೆಲದೊಳಕ್ಕೆ ಮೂರು ಕಿಲೋಮೀಟರಿಗೂ ಮಿಕ್ಕು ಇಳಿದ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಸೀಳಿದ್ದೂ ಈ ವಂಶದ ಸಿಡಿಮದ್ದೇ.

ಸೊಬ್ರೆರೊಗೆ ಬಂದ ತಲೆನೋವು ವೈದ್ಯರ ಗಮನಕ್ಕೂ ಬಂದಿತ್ತು. ರಕ್ತನಾಳಗಳು ಹಿಗ್ಗುವುದರಿಂದ ಆ ನೋವು. ಹಿಗ್ಗಿಸುವ ಗುಣವಿದ್ದರೆ ಎದೆಯ ನಾಳ ಇರುಕಾದವರಿಗೆ ಉಪಯೋಗವಾಗಬಾರದೇಕೆ? ೧೮೭೯ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟು ಎದೆನೋವು ಇಳಿಯುವುದನ್ನು ತೋರಿಸಿದ. ಹೃದ್ರೋಗಿಗಳು ನಾಲಗೆಯಡಿ ಇಟ್ಟುಕೊಳ್ಳುವ ಮಾತ್ರೆಯಾಗಿ ಅದು ಇಂದಿಗೂ ಉಳಿದಿದೆ. ೧೮೯೬ರಲ್ಲಿ, ತಾನು ಸಾಯುವ ಕೆಲವೇ ವಾರಗಳ ಮುಂಚೆ, ನೊಬೆಲ್ಲನಿಗೂ ವೈದ್ಯರು ಇದನ್ನೇ ಬರೆದುಕೊಟ್ಟರು. ವಿಧಿಯ ಈ ವಿನೋದವನ್ನು ಆತ ಮಿತ್ರನಿಗೆ ಬರೆದ ಪತ್ರದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಕೇಳಿದವರು ಬೆದರದಿರಲೆಂದು ಔಷಧಕ್ಕೆ ಬೇರೆ ಹೆಸರು ಕೊಟ್ಟಿದ್ದರಂತೆ.

ಯುದ್ಧವೂ ಅಡುಗೆಮನೆಯೂ

೧೮೮೯ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ತೋಪಿನ ಮದ್ದು ಸಿದ್ಧವಾಯಿತು. ಅದರ ಮೊದಲ ರೂಪದಲ್ಲಿ ನೂರಕ್ಕೆ ೫೮ ಪಾಲು ನೈಟ್ರೋಗ್ಲಿಸರಿನ್. ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎದ್ದ ಕಾರ್ಖಾನೆ ಈ ಮದ್ದಿನ ಹೆಸರನ್ನೇ ಹೊತ್ತಿದೆ. ೧೯೧೪ರಲ್ಲಿ ಮಹಾಯುದ್ಧ ಹತ್ತಿಕೊಂಡಾಗ ಸೇನಾಧಿಕಾರಿಗಳ ಕಣ್ಣು ಸಾಬೂನಿನ ಕಡಾಯಿಯ ಕೆಳಗಿನ ನೀರಿನ ಮೇಲೆ ಬಿತ್ತು. ನಿನ್ನೆಯವರೆಗೆ ಸಾಬೂನಿನ ಉಳಿಕೆ ಗ್ಲಿಸರಿನ್. ಇಂದು ಗ್ಲಿಸರಿನ್ನಿನ ಉಳಿಕೆ ಸಾಬೂನು! ಬ್ರಿಟಿಷ್ ಸರ್ಕಾರ ಗ್ಲಿಸರಿನ್ನನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಸೈನಿಕ ಶಿಬಿರಗಳ ಅಡುಗೆಮನೆಗಳಲ್ಲಿ ತಟ್ಟೆಗೆ ಅಂಟಿದ ಕೊಬ್ಬನ್ನೂ ಕೆರೆದು ಕೂಡಿಹಾಕಿ ಕಾರ್ಖಾನೆಗೆ ಕಳುಹಿಸಿದರು. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯ ಹುಟ್ಟೂ ಆ ಯುದ್ಧದ ವರ್ಷಗಳದೇ. ಅಲ್ಲಿ ಮಾತ್ರ ಕಾರಣ ಬೇರೆ, ಯೂರೋಪಿಗೆ ಹೋಗಲಾರದೆ ಉಳಿದುಹೋದ ಮೈಸೂರಿನ ಗಂಧದ ಮರ.

ಜರ್ಮನಿಯ ಪಾಡು ಇನ್ನೂ ಕಷ್ಟ. ಸಮುದ್ರದ ದಾರಿಯನ್ನು ಶತ್ರುಗಳು ಕಟ್ಟಿದ್ದರಿಂದ ಕೊಬ್ಬಿಗೇ ಬರ. ದ್ರಾಕ್ಷಾರಸ ಹುಳಿಯುವಾಗ ತುಸು ಗ್ಲಿಸರಿನ್ ಹುಟ್ಟುತ್ತದೆಂದು ಪಾಶ್ಚರ್ ಹಿಂದೆಯೇ ಕಂಡಿದ್ದ. ಆ ಎಳೆಯನ್ನು ಹಿಡಿದು ಕಾನ್‌ಸ್ಟೈನ್ ಮತ್ತು ಲ್ಯೂಡೆಕೆ ಎಂಬಿಬ್ಬರು ಸಕ್ಕರೆಗೆ ಯೀಸ್ಟ್ ಹಾಕಿ, ಸಲ್ಫೈಟ್ ಉಪ್ಪು ಬೆರೆಸಿ, ಮದ್ಯದ ಬದಲು ಗ್ಲಿಸರಿನ್ ಹೆಚ್ಚಾಗಿ ಬರುವಂತೆ ಮಾಡಿದರು. ತಿಂಗಳಿಗೆ ಸುಮಾರು ಸಾವಿರ ಟನ್ ತಯಾರಾಯಿತಂತೆ. ಗ್ಲಿಸರಿನ್ನಿಗಾಗಿಯೇ ಗ್ಲಿಸರಿನ್ ಮಾಡಿದ ಅಪರೂಪದ ಪ್ರಸಂಗ ಇದು, ಮಾಡಿದ್ದು ಕೊಲ್ಲುವುದಕ್ಕೆ.

ಕೊಬ್ಬಿನ ಈ ಬರದಿಂದ ಒಂದು ಘೋರವಾದ ಸುದ್ದಿಯೂ ಹುಟ್ಟಿತು. ೧೯೧೭ರ ಏಪ್ರಿಲ್‌ನಲ್ಲಿ ಲಂಡನ್ನಿನ ಪತ್ರಿಕೆಗಳು, ಜರ್ಮನರು ರಣರಂಗದಲ್ಲಿ ಮಡಿದ ತಮ್ಮ ಸೈನಿಕರ ಹೆಣಗಳನ್ನೇ ಕಾರ್ಖಾನೆಯಲ್ಲಿ ಕುದಿಸಿ ಕೊಬ್ಬು ತೆಗೆಯುತ್ತಿದ್ದಾರೆಂದು ಪ್ರಕಟಿಸಿದುವು. ಬಾಯಿಂದ ಬಾಯಿಗೆ ಹೋಗುತ್ತ ಅದಕ್ಕೆ ಸಾಬೂನು, ಗ್ಲಿಸರಿನ್ ಎಲ್ಲ ಸೇರಿಕೊಂಡವು. ಜರ್ಮನ್ ಭಾಷೆಯಲ್ಲಿ ಸತ್ತ ಪ್ರಾಣಿಯನ್ನು ಕುರಿತ ಪದವನ್ನು ಮನುಷ್ಯರ ಹೆಣವೆಂದು ಅರ್ಥಮಾಡಿದ್ದೇ ಬುಡ. ಎಂಟು ವರ್ಷಗಳ ನಂತರ, ೧೯೨೫ರ ಡಿಸೆಂಬರಿನಲ್ಲಿ, ಆ ಕಥೆಗೆ ಆಧಾರವಿರಲಿಲ್ಲವೆಂಬ ಜರ್ಮನ್ ಸರ್ಕಾರದ ಹೇಳಿಕೆಯನ್ನು ವಿದೇಶಾಂಗ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡ. ಅಷ್ಟಕ್ಕೇ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸಂಹಾರಶಿಬಿರಗಳ ನಿಜವಾದ ಸುದ್ದಿ ಬಂದಾಗ ಅನೇೕಕರು ಹಳೆಯ ಸುಳ್ಳನ್ನು ನೆನೆದು ಹೊಸ ಸತ್ಯವನ್ನು ನಂಬಲಿಲ್ಲ. ಪತ್ರಿಕೆ ಓದುವವರೂ ಬರೆಯುವವರೂ ಮರೆಯಬಾರದ ಪಾಠ ಇದು.

ಆ ಎರಡನೆಯ ಯುದ್ಧದಲ್ಲಿ ಕರೆ ಬಂದದ್ದು ಗೃಹಿಣಿಯರಿಗೆ. ೧೯೪೨ರಿಂದ ಅಮೆರಿಕದ ಹೆಂಗಸರು ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಸೋಸಿ ಡಬ್ಬಿಯಲ್ಲಿ ತುಂಬಿ ಮಾಂಸದಂಗಡಿಗೆ ಒಪ್ಪಿಸುತ್ತಿದ್ದರು. ಇದರ ಪ್ರಚಾರಕ್ಕೆ ವಾಲ್ಟ್ ಡಿಸ್ನಿಯ ಸಂಸ್ಥೆ ಮಿನ್ನಿ ಇಲಿಯನ್ನೂ ಪ್ಲೂಟೊ ನಾಯಿಯನ್ನೂ ಇಟ್ಟುಕೊಂಡು ಚಿಕ್ಕದೊಂದು ವ್ಯಂಗ್ಯಚಿತ್ರವನ್ನೇ ತೆಗೆಯಿತು. ನಾಯಿಯ ಪಾಲಿನ ಕೊಬ್ಬು ಸಿಡಿಗುಂಡಾಗುವ ಕಥೆ.

ಮತ್ತೆ ಉಳಿಕೆ

ಯುದ್ಧ ಮುಗಿದ ಮೇಲೆ ೧೯೪೮ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಪೆಟ್ರೋಲಿಯಂ ಅನಿಲದಿಂದ ಗ್ಲಿಸರಿನ್ ಮಾಡುವ ಕಾರ್ಖಾನೆ ತೆರೆಯಿತು. ಸಾಬೂನಿನ ಹಂಗು ತಪ್ಪಿತೆಂದು ಎಲ್ಲರೂ ಭಾವಿಸಿದರು. ಹಲ್ಲುಪುಡಿಯ ಜಾಗಕ್ಕೆ ಬಂದ ಪೇಸ್ಟು, ಮಕ್ಕಳ ಕೆಮ್ಮಿನ ಸಿರಪ್ಪು, ಮುಖದ ಕ್ರೀಮು ಎಲ್ಲಕ್ಕೂ ಬೇಡಿಕೆ ಏರಿತು. ಇತ್ತ ಇಪ್ಪತ್ತೊಂದನೆಯ ಶತಮಾನ ಕಾಲಿಡುತ್ತಲೇ ಎಣ್ಣೆಕಾಳುಗಳಿಂದ ವಾಹನಗಳಿಗೆ ಜೈವಿಕ ಡೀಸೆಲ್ ತೆಗೆಯುವ ಉದ್ಯಮ ಹಬ್ಬಿತು. ಅಲ್ಲಿಯೂ ನಡೆಯುವುದು ಹಳೆಯ ಕೆಲಸವೇ: ದನಗಳನ್ನು ಬಿಚ್ಚಿಕೊಂಡು ಹೋಗುವುದು. ನೂರು ಕಿಲೋ ಡೀಸೆಲ್ಲಿಗೆ ಹತ್ತು ಕಿಲೋದಷ್ಟು ಗೊಂತು ಉಳಿಯಿತು. ಬೆಲೆ ಕುಸಿಯಿತು. ೨೦೦೬ರಲ್ಲಿ ಅಮೆರಿಕದ ದೊಡ್ಡ ಕೃತಕ ಗ್ಲಿಸರಿನ್ ಕಾರ್ಖಾನೆ ಬಾಗಿಲು ಹಾಕಿತು. ಹಿಂದೆ ಯಾವ ರಾಸಾಯನಿಕದಿಂದ ಗ್ಲಿಸರಿನ್ ಮಾಡುತ್ತಿದ್ದರೋ ಅದನ್ನೇ ಈಗ ಗ್ಲಿಸರಿನ್ನಿನಿಂದ ಮಾಡತೊಡಗಿದರು. ಚಕ್ರ ಒಂದು ಸುತ್ತು ಬಂದಿತ್ತು.

ಚರ್ಮದ ವಿಷಯದಲ್ಲಿಯೂ ಈ ಹೊತ್ತಿಗೆ ಹೊಸ ತಿಳಿವಳಿಕೆ ಬಂತು. ನಮ್ಮ ಜೀವಕಣಗಳ ಗೋಡೆಯಲ್ಲಿ ನೀರು ಹಾಯುವುದಕ್ಕೆಂದೇ ಸಣ್ಣ ತೂಬುಗಳಿವೆ. ಅವನ್ನು ಕಂಡುಹಿಡಿದುದಕ್ಕಾಗಿ ಪೀಟರ್ ಆಗ್ರೆ ೨೦೦೩ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ. ಈ ತೂಬುಗಳಲ್ಲಿ ಒಂದು ಜಾತಿ ನೀರಿನ ಜೊತೆಗೆ ಗ್ಲಿಸರಿನ್ನನ್ನೂ ಬಿಟ್ಟುಕೊಳ್ಳುತ್ತದೆ, ಚರ್ಮದಲ್ಲಿರುವುದು ಅದೇ. ಆ ತೂಬಿಲ್ಲದ ಇಲಿಗಳ ಚರ್ಮ ಒಣಗಿ ಬಿಗಿತ ಕಳೆದುಕೊಳ್ಳುವುದನ್ನೂ, ಗ್ಲಿಸರಿನ್ ಕೊಟ್ಟಾಗ ಸುಧಾರಿಸುವುದನ್ನೂ ಆ ವರ್ಷಗಳಲ್ಲೇ ಕ್ಯಾಲಿಫೋರ್ನಿಯದ ಅಲನ್ ವರ್ಕ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಹೊರಗಿನಿಂದ ಹಚ್ಚುತ್ತಿದ್ದ ಮದ್ದು ನಮ್ಮ ಮೈಯಲ್ಲಿಯೇ ಇದೆ ಎಂದಾಯಿತು. ಗ್ಲಿಸರಿನ್ ಸಿಡಿಸಿ ಗಳಿಸಿದ ಹಣದ ಪಾರಿತೋಷಕ, ಗ್ಲಿಸರಿನ್ ಹಾಯುವ ತೂಬಿನ ಬಾಗಿಲಿಗೇ ಬಂದು ನಿಂತದ್ದು ಚೋದ್ಯವಲ್ಲವೇ?

ನಾಲಗೆ ಮೋಸಹೋದಾಗ

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಾಲಗೆಯ ಮಾತು ಬಾಕಿ ಇದೆ.

ಡೈಎಥಿಲೀನ್ ಗ್ಲೈಕಾಲ್ ಎಂಬ ಇನ್ನೊಂದು ದ್ರವವಿದೆ. ಯಂತ್ರಗಳ ಕೆಲಸಕ್ಕೆ ಬಳಸುವಂಥದು, ಅಗ್ಗವಾದುದು. ಬಣ್ಣವಿಲ್ಲ, ವಾಸನೆಯಿಲ್ಲ, ಪಾಕದಂತಿದೆ, ಸಿಹಿಯಾಗಿದೆ. ಕಣ್ಣಿಗೂ ನಾಲಗೆಗೂ ಅದು ಗ್ಲಿಸರಿನ್ನೇ. ಹೊಟ್ಟೆಗೆ ಹೋದರೆ ಮೂತ್ರಪಿಂಡ ನಿಲ್ಲುತ್ತದೆ. ೧೯೩೭ರಲ್ಲಿ ಅಮೆರಿಕದಲ್ಲಿ ಇದರಲ್ಲಿ ಕರಗಿಸಿದ ಸಲ್ಫಾ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮಾರಾಟಕ್ಕೆ ಬಿಡುವ ಮುಂಚೆ ಅದರ ರುಚಿ, ಬಣ್ಣ, ಪರಿಮಳಗಳನ್ನು ಪರೀಕ್ಷಿಸಿದ್ದರು. ವಿಷವೇ ಎಂದು ಪರೀಕ್ಷಿಸಿರಲಿಲ್ಲ. ಮರುವರ್ಷ ಆ ದೇಶ ಬಿಗಿಯಾದ ಔಷಧ ಕಾನೂನು ಮಾಡಿತು.

೧೯೮೬ರ ಆರಂಭದಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಹದಿನಾಲ್ಕು ರೋಗಿಗಳು ಮೂತ್ರಪಿಂಡ ಕೆಟ್ಟು ಸತ್ತರು. ಮಿದುಳು ಊದಿಕೊಂಡಾಗ, ಕಣ್ಣಿನ ಒತ್ತಡ ಏರಿದಾಗ ಗ್ಲಿಸರಿನ್ ಕುಡಿಸುವ ಚಿಕಿತ್ಸೆಯೊಂದಿದೆ. ನೀರನ್ನು ಸೆಳೆಯುವ ಅದೇ ಗುಣ ಅಲ್ಲಿ ಊತವನ್ನು ಇಳಿಸುತ್ತದೆ. ಅವರಿಗೆ ಕುಡಿಸಿದ್ದು ಔಷಧದ ಗ್ಲಿಸರಿನ್ ಆಗಿರಲಿಲ್ಲ. ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೈಗಾರಿಕೆಯ ಸರಕು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ, ಸರಬರಾಜು ಮಾಡಿದವರಿಂದ ಹಿಡಿದು ಔಷಧ ನಿಯಂತ್ರಣದ ಅಧಿಕಾರಿಗಳವರೆಗೆ ಒಬ್ಬೊಬ್ಬರ ಲೋಪವನ್ನೂ ಬಿಡಿಸಿ ಹೇಳಿತು.

ಆದರೂ ಜಗತ್ತು ಕಲಿಯಲಿಲ್ಲ. ೧೯೯೬ರಲ್ಲಿ ಹೈಟಿ ದೇಶದಲ್ಲಿ ಜ್ವರದ ಸಿರಪ್ಪಿನಿಂದ ಎಂಬತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ೨೦೦೬ರಲ್ಲಿ ಪನಾಮಾದಲ್ಲಿ ಕೆಮ್ಮಿನ ಔಷಧ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಆ ಪೀಪಾಯಿಗಳು ಚೀನಾದಿಂದ ಸ್ಪೇನಿಗೆ, ಸ್ಪೇನಿನಿಂದ ಪನಾಮಾಕ್ಕೆ ಕೈಯಿಂದ ಕೈಗೆ ಬಂದಿದ್ದವು. ಪ್ರತಿ ಕೈಯಲ್ಲೂ ಕಾಗದ ಬದಲಾಯಿತು. ಒಬ್ಬರೂ ಮುಚ್ಚಳ ತೆಗೆದು ಒಳಗಿನದನ್ನು ಪರೀಕ್ಷಿಸಲಿಲ್ಲ. ೨೦೨೨ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ಸುಮಾರು ಎಪ್ಪತ್ತು ಮಕ್ಕಳ ಸಾವಿಗೆ ಇದೇ ಜಾತಿಯ ವಿಷ ಕಾರಣವೆಂದು ಹೇಳಲಾಯಿತು. ಆ ಸಿರಪ್ಪುಗಳು ನಮ್ಮ ದೇಶದಲ್ಲಿ ತಯಾರಾದವು ಎಂಬುದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ. ಬರೆಯದೆ ಬಿಡುವಂತಿಲ್ಲ.

ಎರಡು ದ್ರವಗಳನ್ನು ಬೇರ್ಪಡಿಸಿ ಗುರುತಿಸುವುದು ಪ್ರಯೋಗಾಲಯಕ್ಕೆ ಕಷ್ಟದ ಕೆಲಸವಲ್ಲ. ಅದನ್ನು ಮಾಡಿಯೇ ತೀರಬೇಕೆಂದು ಔಷಧಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಮುಖ್ಯವಾದ ಔಷಧಕ್ಕೆ ಹತ್ತು ಪರೀಕ್ಷೆ ಮಾಡಿಸುವವನು ಅದನ್ನು ಕರಗಿಸುವ ಪಾಕದ ಬಗ್ಗೆ, ಅದೇನು ಬರಿಯ ಗ್ಲಿಸರಿನ್ ತಾನೆ ಎಂದು ಸುಮ್ಮನಾಗುತ್ತಾನೆ. ಉಳಿಕೆಯಾಗಿ ಹುಟ್ಟಿದ ಪದಾರ್ಥವನ್ನು ಉಳಿಕೆಯ ಕಣ್ಣಿನಿಂದಲೇ ನೋಡುವ ಅಭ್ಯಾಸ ನಮ್ಮಿಂದ ಹೋಗಿಲ್ಲ.

ಷೀಲೆ ಎಲ್ಲರೂ ಚೆಲ್ಲುತ್ತಿದ್ದ ನೀರನ್ನು ನಿಂತು ನೋಡಿದ. ನಾಲಗೆಯನ್ನು ನಂಬಬಹುದಾದ ಕಾಲ ಅದು. ನಮ್ಮ ಕಾಲಕ್ಕೆ ಅದು ಸಾಲದು. ಆದರೆ ನಿಂತು ನೋಡುವ ಆ ಗುಣ ಮಾತ್ರ ಇಂದಿಗೂ ಬೇಕು.

ಗೋಡೆಗೂಡಿನ ಸೀಸೆಗೆ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ ಅಚ್ಚಾಗಿದ್ದುದನ್ನು ಅಮ್ಮ ಎಂದೂ ಓದಿದವಳಲ್ಲ; ಓದಬೇಕೆಂದು ಆಕೆಗೆ ತೋರಿರಲೂ ಇಲ್ಲ. ಅಂಗಡಿಯವನು ಕೊಟ್ಟ, ಆಕೆ ತಂದಳು, ಮಗುವಿನ ತುಟಿಗೆ ಹಚ್ಚಿದಳು. ನಾವು ನೆಕ್ಕಿದೆವು, ನಮಗೇನೂ ಆಗಲಿಲ್ಲ. ಏನೂ ಆಗದಂತೆ ಎಲ್ಲಿಯೋ ಒಬ್ಬಾತ ಪೀಪಾಯಿಯ ಮುಚ್ಚಳ ತೆಗೆದು ನೋಡಿದ್ದನು. ಆತನ ಹೆಸರು ನಮಗೆ ಗೊತ್ತಿಲ್ಲ.